ಕಿಸೆಯಲ್ಲಿ ಹಿಡಿಯುವ ಪ್ಯಾಲೆಟ್

ಬಸವಪ್ರಸಾದನ ಬಳಿ ಪ್ರವಾಸಕ್ಕೆ ಒಯ್ಯುವಂಥ ಪ್ಯಾಲೆಟ್ ಇರಲಿಲ್ಲ. ಹೊಸ ಚಿತ್ರಗಳೂ ಇರಲಿಲ್ಲ. ಆದರೆ ಈ ಎರಡನೆಯ ಕೊರತೆ ಅವನಿಗೆ ಕಂಡಿರಲಿಲ್ಲ.

ಅವನು ಚಿತ್ರಕಲೆಯ ಕೊನೆಯ ವರ್ಷದಲ್ಲಿದ್ದ. ಅವನ ಗುರು ಚನ್ನಬಸಯ್ಯ ಸರ್ ಚಳಿಗಾಲದಲ್ಲಿ ಕೊಂಕಣದ ಊರೂರು ತಿರುಗಿ ಜಲವರ್ಣ ಬಿಡಿಸಲು ಹೊರಟಿದ್ದರು. ಜೊತೆಗೆ ಒಬ್ಬ ವಿದ್ಯಾರ್ಥಿಗೆ ಮಾತ್ರ ಜಾಗ. ಅದಕ್ಕಾಗಿ ಆಯುಧಗಳ ಖಂಡಿಪೂಜೆಯ ಮರುದಿನ ಎಲ್ಲರೂ ಗುಂಜಿ ಸ್ಟೇಷನ್ನಿನಲ್ಲಿ ಕೂತು ಚಿತ್ರ ಬಿಡಿಸಬೇಕಿತ್ತು; ಚೆನ್ನಾಗಿ ಬಿಡಿಸಿದವರಿಗೆ ಜಾಗ. ಆ ಜಾಗ ತನ್ನದೇ ಎಂದು ಬಸವಪ್ರಸಾದ ಬೆಳಗಾವಿಯ ವಡಗಾವಿಯಲ್ಲಿ ತನ್ನ ಓಣಿಗೆಲ್ಲ ಹೇಳಿಯಾಗಿತ್ತು.

ಮಳೆಗಾಲವೆಲ್ಲ ಅವನು ಪ್ಯಾಲೆಟ್ ಆರಿಸಿದ. ಪ್ಲಾಸ್ಟಿಕ್ಕಿಗೆ ಕಲೆ ಕೂರುತ್ತದೆ, ಪಿಂಗಾಣಿ ಒಡೆಯುತ್ತದೆ, ಹೆಬ್ಬೆರಳು ತೂರಿಸುವ ಉಂಗುರವಿಲ್ಲದ್ದು ಹವ್ಯಾಸಿಗಳದ್ದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದನ್ನು ತೂಗಿಸಿ ಭಾರವೆಂದು ವಾಪಸು ಕಳಿಸಿದ. ಕೊನೆಗೆ ಮುಚ್ಚಳವಿರುವ ಕಪ್ಪು ತಗಡಿನದೊಂದು ಒಪ್ಪಿಗೆಯಾಯಿತು. ಅದು ಕಿಸೆಯಲ್ಲಿ ಹಿಡಿಯದ್ದರಿಂದ ದರ್ಜಿಯ ಹತ್ತಿರ ಹೋಗಿ ಅಂಗಿಯ ಕಿಸೆಯನ್ನೇ ದೊಡ್ಡದು ಮಾಡಿಸಿದ. ಹನ್ನೆರಡು ಟ್ಯೂಬಿನ ಬಣ್ಣಗಳನ್ನು ಅದರ ಗುಳಿಗಳಿಗೆ ಹಿಂಡಿ ಒಣಗಿಸಿದ. ಕುಂಚ ಮುಟ್ಟಿಸಲಿಲ್ಲ. ಮೊದಲ ಸಲ ಗುಂಜಿಯಲ್ಲಿ, ಎಲ್ಲರೆದುರು ತೆರೆಯಬೇಕೆಂದಿದ್ದ.

"ಏನಪಾ ಇದು, ತಂಬಾಕದ ಡಬ್ಬಿ?" ತಾಯಿ ಶಿವಲಿಂಗವ್ವ ಕೇಳಿದಳು.

"ಪ್ಯಾಲೆಟ್ ಅವ್ವಾ. ಕಲಾವಿದನ ಆಯುಧ."

"ಆಯುಧ ಅಂದಮ್ಯಾಲ ಪೂಜಿಗೆ ಇಡು ಮತ್ತ."

ಮಾತು ಅವನಿಗೆ ಹಿಡಿಸಿತು. ತಂದೆಯ ಮಗ್ಗದ ಲಾಳಿ, ನಟ್ಟು ಬಿಗಿಯುವ ಪಾನಾ, ಮೋಟರ್ ಸೈಕಲ್ಲಿನ ಕೀಲಿಗಳ ನಡುವೆ ತಾನೇ ಒಯ್ದಿಟ್ಟ. ಶಿವಲಿಂಗವ್ವ ಮುಚ್ಚಳ ತೆರೆದಳು.

"ಮುಚ್ಚಿಟ್ರ ದೇವರಿಗೆ ಏನ್ ಕಾಣತೈತಿ?"

ತಂದೆ ಗುರುಪುತ್ರಪ್ಪ ಕಾಯಿ ಒಡೆದು ಎಲ್ಲ ಆಯುಧಗಳ ಮೇಲೂ ಅದರ ನೀರು ಹಾಕಿದ. ಹೊಸದೆಂದು ಪ್ಯಾಲೆಟ್ಟಿಗೆ ಒಂದು ಬೊಗಸೆ ಹೆಚ್ಚೇ ಬಿತ್ತು. ಬಸವಪ್ರಸಾದನ ಕೈ ಮುಂದೆ ಹೋಯಿತು.

"ಏ, ಮುಟ್ಟಬ್ಯಾಡ! ಪೂಜಿಗೆ ಇಟ್ಟಿದ್ದು ನಾಳೆತನಕ ಎತ್ತಂಗಿಲ್ಲ," ಎಂದಳು ತಾಯಿ. ಓಣಿಯವರು ನೋಡುತ್ತಿದ್ದರು. ಅವನು ಕೈ ಮುಗಿದು ಭಕ್ತಿಯ ಮುಖ ಮಾಡಿದ.

ಬೆಳಿಗ್ಗೆ ತಾಯಿ ಮುಚ್ಚಿ ಕೊಟ್ಟ ಡಬ್ಬಿಯನ್ನು ತೆರೆದು ನೋಡದೆ ಕಿಸೆಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ರೈಲು ಹತ್ತಿದ. ಖಾನಾಪುರದಲ್ಲಿ ಅವನ ತರಗತಿಯ ನೀಲಾ ಹತ್ತಿದಳು. ಅವಳ ಕೈಯಲ್ಲಿ ಚಹಾದಂಗಡಿಯ ಪ್ಲಾಸ್ಟಿಕ್ ಚೀಲವಿತ್ತು. ಅವನು ಅವಳಿಗೆ ಖಾನಾಪುರದಿಂದ ಗುಂಜಿಯವರೆಗೆ ಪ್ಯಾಲೆಟ್ಟುಗಳ ಬಗ್ಗೆ ತಿಳಿಸಿಕೊಟ್ಟ. ಅಂಗಿಯ ಎದೆಯ ಮೇಲೆ ಕಂದು ಕಲೆ ಹರಡುತ್ತಿದ್ದುದು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು, ಹೇಳಲು ನಡುವೆ ಬಿಡುವು ಸಿಗಲಿಲ್ಲ.

ಸರ್ ಎರಡು ತಾಸು ಕೊಟ್ಟರು. ಎಲ್ಲರ ನಡುವೆ ಕೂತು ಬಸವಪ್ರಸಾದ ಡಬ್ಬಿ ತೆರೆದ. ನೆನೆದ ಬಣ್ಣಗಳೆಲ್ಲ ಕೆಳಗಿಳಿದು ಒಂದಾಗಿದ್ದವು. ಮೇಲೆ ಕುಂಕುಮ. ಕಾಯಿನೀರಿನ ಸಿಹಿಗೆ ರಾತ್ರಿ ಬಂದ ಇರುವೆಗಳು ಅದರಲ್ಲೇ ಅಂಟಿ ಸತ್ತಿದ್ದವು.

ನೀಲಾ ತಿಂಡಿ ಡಬ್ಬಿಯ ಸ್ಟೀಲ್ ಮುಚ್ಚಳದಲ್ಲಿ ಬಣ್ಣ ಕಲಸುತ್ತಿದ್ದಳು. "ನನ್ನ ಬಣ್ಣಾ ತಗೋ. ಇಬ್ಬರಿಗೂ ಸಾಕಾಗತಾವ."

"ಇವು ಸಾಲಿ ಹುಡುಗರ ಬಣ್ಣ. ಇದರಾಗ ನನಗ ಆಗಂಗಿಲ್ಲ."

"ನಿನ್ನ ಡಬ್ಬ್ಯಾಗ ಏನ್ ಆಗತೈತಿ? ಚಟ್ನಿ?"

ಅವನು ಎದ್ದು ಪ್ಲಾಟ್‌ಫಾರ್ಮಿನ ನಳಕ್ಕೆ ಹೋದ. ಗುಳಿ ಗುಳಿಯನ್ನೂ ಉಗುರಿನಿಂದ ಕೆರೆದು ತೊಳೆದ. ಡಬ್ಬಿ ತಂದಾಗಿನಂತೆ ಹೊಳೆಯಿತು. ಅಷ್ಟರಲ್ಲಿ ಎರಡು ತಾಸು ಮುಗಿದು ಸರ್ ಕೂಗಿದರು.

"ಪ್ರಸಾದ, ಚಿತ್ರ ಎಲ್ಲೈತೋ?"

"ಸರ್, ಡಬ್ಬಿ ಕೆಟ್ಟಿತ್ರಿ. ಈಗ ನೋಡ್ರಿ, ಸ್ವಚ್ಛ ಆತು."

"ನಾ ಡಬ್ಬಿ ನೋಡಾಕ ಬಂದೇನೇನು?"

ಕೊಂಕಣಕ್ಕೆ ನೀಲಾ ಹೋಗುವುದೆಂದಾಯಿತು. ದಸರೆಯ ಬನ್ನಿ ಕೊಡುವ ಹೊತ್ತಿಗೆ ಮನೆ ಸೇರಲು ಎಲ್ಲರೂ ಸಂಜೆಯ ರೈಲು ಹತ್ತಿದರು. ಬಸವಪ್ರಸಾದ ಕಿಟಕಿಯ ಬಳಿ ಕೂತು ಖಾಲಿ ಡಬ್ಬಿಯನ್ನು ಅಂಗಿಯ ತುದಿಯಿಂದ ಒರೆಸಿದ.

ಹೋದದ್ದು ಹನ್ನೆರಡು ಬಣ್ಣ, ಒಂದು ಅಂಗಿ, ಒಂದು ಜಾಗ.