ಅರಿಶಿನದ ಬೊಟ್ಟಿಗೆ ಆಧಾರ

ಸುಷ್ಮಾಳಿಗೆ ಆಧಾರದ ಹುಚ್ಚು. ಒಂಟಿಕೊಪ್ಪಲಿನ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಾಟಕಗಳಿಗೆ, ಪ್ರದರ್ಶನಗಳಿಗೆ ಹಳೆಯ ಕಾಲದ ಉಡುಪು ಹೊಲಿಯುವವಳು ಅವಳು. ಅದರಲ್ಲೂ ಯುರೋಪಿನವರ ಉಡುಪು ಅಂದರೆ ಊಟ ನಿದ್ದೆ ಮರೆಯುತ್ತಾಳೆ. ಸಿನಿಮಾ ನೋಡಿ ಹೊಲಿದದ್ದು ಅವಳ ಪ್ರಕಾರ ಉಡುಪೇ ಅಲ್ಲ, ವೇಷ. ತೈಲಚಿತ್ರಗಳನ್ನು ಅರ್ಧ ಮಾತ್ರ ನಂಬುತ್ತಾಳೆ. ದುಡ್ಡು ಕೊಟ್ಟು ಚಿತ್ರ ಬರೆಸಿಕೊಂಡವಳ ಸೊಂಟವನ್ನು ಯಾವ ಪುಣ್ಯಾತ್ಮನೂ ದಪ್ಪಗೆ ಬರೆದಿರಲಾರ, ಬೆನ್ನನ್ನಂತೂ ಬರೆಯುವುದೇ ಇಲ್ಲ. ಆ ಕಾಲದ ಫ್ಯಾಷನ್ ಪತ್ರಿಕೆಗಳು ಜನ ತೊಟ್ಟಿದ್ದನ್ನಲ್ಲ, ತೊಡಬೇಕೆಂದು ಆಸೆಪಟ್ಟಿದ್ದನ್ನು ತೋರಿಸುತ್ತವೆ. ಕೊನೆಗೆ ಉಳಿಯುವುದು ಯಾರೋ ನಿಜವಾಗಿ ತೊಟ್ಟು, ಇವತ್ತಿಗೂ ಯಾವುದೋ ದೇಶದ ಮ್ಯೂಸಿಯಮ್ಮಿನಲ್ಲಿ ಉಳಿದಿರುವ ಬಟ್ಟೆಯೊಂದೇ. ಅಂಥ ಬಟ್ಟೆಯ ಒಳಮಗ್ಗುಲಿನ ಫೋಟೊ ಸಿಕ್ಕರೆ ಸುಷ್ಮಾ ಕಂಪ್ಯೂಟರಿನ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಾಳೆ. ಬೆವರಿನ ಕಲೆ, ತೇಪೆ, ಬಿಚ್ಚಿ ಮತ್ತೆ ಹೊಲಿದ ಗುರುತು, ಇವು ಸುಳ್ಳು ಹೇಳುವುದಿಲ್ಲ ಎಂದು ಅವಳ ನಂಬಿಕೆ.

ಇಷ್ಟೆಲ್ಲ ಬಲ್ಲವಳು ಈಗ ಒಂದು ಅರಿಶಿನದ ಬೊಟ್ಟಿಗೆ ಆಧಾರ ಸಿಗದೆ ಒದ್ದಾಡುತ್ತಿದ್ದಳು.

ಆದದ್ದು ಇಷ್ಟು. ಇನ್ನೂರು ವರ್ಷದ ಹಿಂದೆ ಈ ಸೀಮೆಗೆ ಬಂದಿಳಿದ ಇಂಗ್ಲಿಷ್ ಅಧಿಕಾರಿಯ ಹೆಂಡತಿ ಏನು ತೊಟ್ಟಿರಬಹುದು ಎಂದು ತೋರಿಸುವ ಉಡುಪನ್ನು ಬನ್ನಿಮಂಟಪದ ಒಂದು ಪ್ರದರ್ಶನಕ್ಕೆ ಹೊಲಿದುಕೊಡಲು ಅವಳು ಒಪ್ಪಿಕೊಂಡಿದ್ದಳು. ಬೇಸಿಗೆಯಲ್ಲಿ ಮೊದಲು ಮುಗಿದದ್ದು ಗೌನಿನೊಳಗೆ ತೊಡುವ ಬಿಳಿ ಲಿನನ್ ಒಳಂಗಿ. ಮಿಷನ್ನು ಮುಟ್ಟಿಸದೆ ಪೂರ್ತಿ ಕೈಯಲ್ಲೇ ಹೊಲಿದದ್ದು. ಅದನ್ನು ಮಡಿಸಿಟ್ಟು ಮಾರ್ಕೆಟ್ಟಿಗೆ ಹೋಗಿ ದಾರದುಂಡೆ ತರುವಷ್ಟರಲ್ಲಿ ಅದಕ್ಕೆ ಅರಿಶಿನ ಬಿದ್ದಿತ್ತು.

ಹಚ್ಚಿದವರು ಯಾರೆಂದು ಕೇಳಬೇಕಾಗಿರಲಿಲ್ಲ. ಅವಳ ತಾಯಿ ಪ್ರೇಮಲೀಲಾ ಆ ಮನೆಯೊಳಗೆ ಬಂದ ಯಾವ ಹೊಸ ಬಟ್ಟೆಯನ್ನೂ ಅರಿಶಿನ ಮುಟ್ಟಿಸದೆ ಬಿಟ್ಟವರಲ್ಲ. ಸೀರೆ, ಶರ್ಟು ಹಾಗಿರಲಿ, ಕಿಟಕಿಯ ಪರದೆಗೂ ದಿಂಬಿನ ಕವರಿಗೂ ತಪ್ಪುತ್ತಿರಲಿಲ್ಲ.

"ಏನಮ್ಮ ಇದು? ಇಂಗ್ಲೆಂಡಿನವಳ ಬಟ್ಟೆಗೆ ಯಾರಮ್ಮ ಅರಿಶಿನ ಹಚ್ತಿದ್ರು? ಎಲ್ಲಾ ಕೆಡಿಸಿಬುಟ್ಯಲ್ಲ."

"ಯಾರೂ ಹಚ್ಚಿರಲ್ಲ ಅಂತಲೇ ಹಚ್ಚಿದೆ ಕಣೆ. ಪಾಪ, ತಾಯಿನ ಬಿಟ್ಟು ಅಷ್ಟು ದೂರ ಬಂದೋಳು."

ಸುಷ್ಮಾ ಈ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಬಚ್ಚಲಿಗೆ ಒಯ್ದು ಸೋಪು ಹಾಕಿ ಉಜ್ಜಿದಳು. ಅರಿಶಿನ ಹೋಗುವ ಬದಲು ರಕ್ತದಂತೆ ಕೆಂಪಾಯಿತು. ಅದನ್ನು ನೋಡಿ ಅವಳ ಸಿಟ್ಟು ನೆತ್ತಿಗೇರಿ, ಈ ಮನೆಯಲ್ಲಿ ಯಾರಿಗೂ ತನ್ನ ಕೆಲಸದ ಬೆಲೆ ಗೊತ್ತಿಲ್ಲ ಎಂದು ಅಂದುಬಿಟ್ಟಳು.

"ಸೋಪು ತಾಗಿದ್ರೆ ಕೆಂಪಾಗುತ್ತೆ ಕಣೆ. ಕೊಡಿಲ್ಲಿ, ಬಿಸಿಲಿಗೆ ಹಾಕಿದ್ರೆ ತಾನೇ ಹೋಗುತ್ತೆ," ಎಂದು ಪ್ರೇಮಲೀಲಾ ಒಳಂಗಿಯನ್ನು ಜಾಲಿಸಿ ತಾರಸಿಗೆ ಒಯ್ದರು. ಎರಡು ದಿನ ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ ಇಳಿದು, ಬಿಸಿಲು ಸರಿದಂತೆಲ್ಲ ಬಟ್ಟೆಯನ್ನು ತಿರುವಿ ಹಾಕಿದರು. ಕೊನೆಗೆ ಮಡಿಸಿ ತಂದುಕೊಟ್ಟು, "ನೋಡ್ಕೊ, ಎಳ್ಳಷ್ಟೂ ಉಳಿದಿಲ್ಲ," ಎಂದರು. ಸುಷ್ಮಾ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ನಿಜಕ್ಕೂ ಉಳಿದಿರಲಿಲ್ಲ. ಅವಳಿಗೆ ಸಮಾಧಾನವಾಯಿತು.

ಆಷಾಢದಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಕೂತ ಪ್ರೇಮಲೀಲಾ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಕ್ರಿಯೆ ಮುಗಿದ ಮೇಲೆ ಸೀರೆಗಳನ್ನೆಲ್ಲ ಬಂಧುಗಳು ಹಂಚಿಕೊಂಡರು. ಆಗ ಸುಷ್ಮಾಳಿಗೆ ಬೇಡವೆನ್ನುವ ತ್ರಾಣವೂ ಇರಲಿಲ್ಲ.

ಈಗ ಉಡುಪೆಲ್ಲ ಮುಗಿದು ಪ್ರದರ್ಶನ ಹತ್ತಿರ ಬಂದಿತ್ತು. ಇಸ್ತ್ರಿ ಮಾಡಲೆಂದು ಒಳಂಗಿಯನ್ನು ಬಿಡಿಸಿದಾಗ ಅದರ ಬಿಳೀ ಅಂಚನ್ನು ಕಂಡು ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಗೌನಿನ ಕೆಳಗೆ ಮುಚ್ಚಿಹೋಗುವ ಬಟ್ಟೆ, ನೋಡುವವರು ಯಾರೂ ಇಲ್ಲ. ಅಮ್ಮ ಇಟ್ಟಿದ್ದ ಬೊಟ್ಟನ್ನು ಅಮ್ಮ ಇಟ್ಟ ಹಾಗೆಯೇ ಮತ್ತೆ ಇಡದೆ ಇದನ್ನು ಮನೆಯಿಂದ ಹೊರಗೆ ಕಳಿಸುವುದಿಲ್ಲ ಎಂದು ಅವಳು ತೀರ್ಮಾನಿಸಿದಳು.

ಆದರೆ ಅದು ಹೇಗಿತ್ತು? ಯಾವ ಮೂಲೆ, ಎಷ್ಟು ಅಗಲ, ಯಾವ ಬೆರಳು? ಸೋಪಿನ ಕೆಂಪು ನೆನಪಿತ್ತು, ತನ್ನ ಸಿಟ್ಟು ನೆನಪಿತ್ತು. ಬೊಟ್ಟನ್ನು ಮಾತ್ರ ಅವಳು ನೋಡಿರಲೇ ಇಲ್ಲ, ನೋಡಿದ್ದು ಕಲೆಯನ್ನು.

ಸರಿ, ಉಳಿದ ಬಟ್ಟೆಯೇ ಆಧಾರವೆಂದು ಬೀರು, ಟ್ರಂಕುಗಳನ್ನೆಲ್ಲ ತಲೆಕೆಳಗು ಮಾಡಿದಳು. ಎಲ್ಲವೂ ಹತ್ತಾರು ಸಲ ಒಗೆದು ಒಣಗಿಸಿ ಬೊಟ್ಟಿನ ಗುರುತೂ ಉಳಿಯದ ಬಟ್ಟೆ. ಇನ್ನು ಹಳೆಯದೆಲ್ಲ ಎಲ್ಲಿ ಹೋಯಿತೆಂದರೆ, ಅಡುಗೆಮನೆಯ ಗೂಡಿನಲ್ಲಿ ಸ್ಟೀಲ್ ಡಬ್ಬಿಗಳು ಹೊಳೆಯುತ್ತ ಸಾಲಾಗಿ ಕೂತಿದ್ದವು. ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಬೀದಿಗೆ ಬಂದರೆ ಪ್ರೇಮಲೀಲಾ ಗೇಟಿನಲ್ಲೇ ಹಿಡಿದು ಕೂರಿಸಿಕೊಳ್ಳುತ್ತಿದ್ದರು. ಸುಷ್ಮಾಳ ಸ್ಕೂಲಿನ ಲಂಗ ಸಕ್ಕರೆ ಡಬ್ಬಿಯಾಗಿತ್ತು, ಹಬ್ಬದ ಫ್ರಾಕುಗಳು ಬೇಳೆಯ ಡಬ್ಬಿಗಳಾಗಿದ್ದವು. ಸಾಮಾನ್ಯರ ಬಟ್ಟೆ ಉಳಿಯುವುದಿಲ್ಲ, ಉಳಿಯುವುದೆಲ್ಲ ಸಿರಿವಂತರ ರೇಷ್ಮೆ ಎಂದು ಅವಳು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದಳು. ಆ ಮಾತು ತನ್ನ ಮನೆಯ ಗೂಡಿಗೂ ಸಲ್ಲುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ಪಕ್ಕದ ಮನೆಯ ಚಲುವಮ್ಮನನ್ನು ಕೇಳಿದಳು. "ಉಂಗುರದ ಬೆರಳು ಕಣಮ್ಮ, ಬಲಗಡೆ ಮೂಲೆಗೆ. ನಾನೆಷ್ಟು ಸಲ ನೋಡಿಲ್ಲ," ಎಂದರು ಆಕೆ. ಹಿನಕಲ್‌ನಲ್ಲಿರುವ ಅಣ್ಣ ವಿಶ್ವನಾಥನಿಗೆ ಫೋನು ಮಾಡಿದಳು. "ಹೆಬ್ಬೆಟ್ಟು ಕಣೆ. ಒಳಗಡೆ ಹಿಂಗೆ ಒರೆಸಿಬುಡೋರು," ಎಂದ ಅವನು. ಇಬ್ಬರೂ ಆಣೆ ಇಟ್ಟು ಹೇಳುವಂತಿದ್ದರು. ಫೋನಿನಲ್ಲಿದ್ದ ಹಬ್ಬದ ಫೋಟೊಗಳಲ್ಲಿ ಅಮ್ಮ ಎಲ್ಲರಿಗೂ ಬಡಿಸುತ್ತಿದ್ದರು, ಅಥವಾ ಇರಲೇ ಇಲ್ಲ.

ಅಪ್ಪ ಸಿದ್ದಮಲ್ಲಪ್ಪನನ್ನು ಅವಳು ಕೇಳಲಿಲ್ಲ. ಹೆಂಡತಿ ಹೋದ ಮೇಲೆ ಅವರ ಮಾತು ಕಡಿಮೆಯಾಗಿತ್ತು. ಅದೂ ಅಲ್ಲದೆ, ತೊಟ್ಟ ಶರ್ಟಿನ ಬಣ್ಣ ಯಾವುದೆಂದು ಕೇಳಿದರೆ ಬಗ್ಗಿ ನೋಡಿಕೊಂಡು ಹೇಳುವ ಮನುಷ್ಯ. ಬಟ್ಟೆಯ ವಿಷಯದಲ್ಲಿ ಅವರ ಸಾಕ್ಷಿಗೆ ಅವಳು ಕಾಸಿನ ಬೆಲೆ ಕೊಡುತ್ತಿರಲಿಲ್ಲ.

ಅವತ್ತು ಸಂಜೆ ಅರಿಶಿನ ಕಲೆಸಿಕೊಂಡು, ಉಂಗುರದ ಬೆರಳನ್ನೇ ಅದ್ದಿ, ಒಳಂಗಿಯ ಮೂಲೆಗೆ ಒತ್ತಿದಳು. ಹಳದಿ ಬೊಟ್ಟು ದುಂಡಗೆ, ದಪ್ಪಗೆ ಮೂಡಿತು. ಎಲ್ಲಿಂದ ನೋಡಿದರೂ ಅದು ತನ್ನದೇ ಬೆರಳು. ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಅಪ್ಪ.

"ಅಷ್ಟು ಒತ್ತಬಾರದು ಕಣಮ್ಮ. ನಿಮ್ಮಮ್ಮ ಅಷ್ಟು ಒತ್ತಿ ಇಡ್ತಿರಲಿಲ್ಲ."

"ನಿಮಗೆಂಗೆ ಗೊತ್ತಪ್ಪ? ನೀವು ಯಾವತ್ತು ನೋಡಿದ್ರಿ?"

"ನೋಡಿಲ್ಲ. ಅವಳು ಅರಿಶಿನ ಇಡೋ ತನಕ ನಾನೆಲ್ಲಿ ಕಾಯ್ತಿದ್ದೆ? ಹಬ್ಬದ ದಿನ ಹೊಸ ಶರ್ಟು ಹಾಕ್ಕೊಂಡೇಬುಡ್ತಿದ್ದೆ. ಬೈಕೊಂಡು ಹಿಂದಿನಿಂದ ಬಂದು, ಕಾಲರ್ ಎತ್ತಿ, ಇಲ್ಲಿ ಇಡ್ತಿದ್ಲು." ಅವರು ಕತ್ತಿನ ಹಿಂಭಾಗ ಮುಟ್ಟಿಕೊಂಡರು.

"ಯಾವ ಬೆರಳಲ್ಲಿ?"

"ಬೆರಳು ಗೊತ್ತಾಗ್ತಿರಲಿಲ್ಲ. ತಣ್ಣಗಾಗೋದು, ಅಷ್ಟೇ." ಹತ್ತಿರ ಬಂದು, "ತಿರುಗು," ಎಂದರು.

ಸುಷ್ಮಾ ತಿರುಗಿ ನಿಂತಳು. ಕುರ್ತಾದ ಕೊರಳಪಟ್ಟಿಯ ಬಳಿ ಏನೋ ಸೋಕಿತು. ಸೋಕಿತೆಂದು ತಿಳಿಯುವಷ್ಟರಲ್ಲಿ ಇರಲಿಲ್ಲ.

"ಇಷ್ಟೇ," ಎಂದರು ಅಪ್ಪ.

ಎರಡೇ ದಿನದ ಬಿಸಿಲಿಗೆ ಅಮ್ಮನ ಬೊಟ್ಟು ಹೇಗೆ ಹೋಯಿತೆಂದು ಅವಳಿಗೆ ಈಗ ಅರ್ಥವಾಯಿತು. ಇಷ್ಟು ಹಗುರವಾಗಿ ಇಟ್ಟದ್ದನ್ನು ಅವಳು ಸೋಪು ಹಾಕಿ ಉಜ್ಜಿದ್ದಳು.

"ಇನ್ನೊಂದು ಸಲ ತೋರಿಸಿ ಅಪ್ಪ."

ತೋರಿಸಿದರು. ಈ ಸಲ ಅವರ ಬೆರಳು ಕೊರಳಿನ ಮೇಲೆ ಹಾಗೇ ನಿಂತುಬಿಟ್ಟಿತು. ಸುಷ್ಮಾ ತಿರುಗಲಿಲ್ಲ. ತಿರುಗಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತಿತ್ತು. ಅಮ್ಮ ಹೋದ ದಿನ ಬಾರದ ಅಳು ಅವಳಿಗೆ ಈಗ ಬಂತು.

ಬಹಳ ಹೊತ್ತಿನ ಮೇಲೆ ಸಿದ್ದಮಲ್ಲಪ್ಪ ಮೇಜಿನ ಮೇಲಿನ ಒಳಂಗಿಯನ್ನು ನೋಡಿದರು. ದಪ್ಪ ಬೊಟ್ಟು ಇನ್ನೂ ಹಸಿಯಾಗಿತ್ತು.

"ಇದನ್ನೇನು ಮಾಡ್ತೀಯಮ್ಮ?"

"ನಾಳೆ ಬಿಸಿಲಿಗೆ ಹಾಕ್ತೀನಪ್ಪ. ಹೋಗುತ್ತೆ. ಆಮೇಲೆ ಹಗುರಕ್ಕೆ ಇಡ್ತೀನಿ."

"ಹಾಕು. ಮಧ್ಯಾಹ್ನ ನಾನು ಮೇಲೆ ಹೋಗಿ ತಿರುವಿ ಹಾಕ್ತೀನಿ ಬುಡು."