ನೋವಿಗೆ ಎಷ್ಟು ಹಾಕ್ಲಿ?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವುದು ದೊಡ್ಡ ಪ್ರಯಾಣವೇನಲ್ಲ. ಆದರೆ ಸಂಧಿವಾತದ ಹೆಂಡತಿಯನ್ನು ಹತ್ತಿಸಿ ಇಳಿಸುವಷ್ಟರಲ್ಲಿ ನನ್ನ ಸೊಂಟವೇ ಬಿದ್ದುಹೋಗುತ್ತದೆ. ಕಾರ್ಖಾನೆಯಲ್ಲಿ ಕಬ್ಬಿಣ ಹೊತ್ತಾಗಲೂ ಇಷ್ಟು ದಣಿದಿರಲಿಲ್ಲ.

ಅಲ್ಲಿನ ಆಸ್ಪತ್ರೆಯೊಂದು ಸಂಧಿವಾತದ ರೋಗಿಗಳ ಹೆಸರು ನೋಂದಾಯಿಸಿಕೊಂಡಿದೆ. ಮೂರು ತಿಂಗಳಿಗೊಮ್ಮೆ ಹೋಗಿ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟೆಂದು ಹೇಳಿ, ಸಂಶೋಧನೆಗೆಂದು ಒಂದಿಷ್ಟು ರಕ್ತ ಕೊಟ್ಟು ಬರಬೇಕು. ಆ ರಕ್ತದಿಂದ ನಮಗೇನೂ ಸಿಗುವುದಿಲ್ಲವೆಂದು ಮೊದಲೇ ಹೇಳಿದ್ದರು. "ಮುಂದಿನೋರಿಗಾದ್ರೂ ಆಗ್ಲಿ ಬಿಡ್ರಿ" ಎಂದು ಉಚ್ಚಂಗಮ್ಮ ಒಪ್ಪಿಕೊಂಡಳು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ.

ಡಾಕ್ಟರು ನೋಡುವುದೂ ಅದೇ ಅಂಕಿಯನ್ನು. ಹೋದ ಸಲ ಇವಳು ‘ಎರಡು’ ಎಂದಿದ್ದಳು. ಔಷಧಿ ನಾಟಿದೆ ಎಂದು ಅವರು ಹಳೇ ಮಾತ್ರೆಯನ್ನೇ ಮುಂದುವರಿಸಿದರು. ಈ ಸಲ ಬೇರೆ ಔಷಧಿ ಬರೆಸಿಯೇ ತೀರಬೇಕೆಂದು ನಾನೂ ಪಕ್ಕದಲ್ಲಿ ಕೂತೆ. ಬೆಳಿಗ್ಗೆ ಅವಳ ಜಡೆ ಹೆಣೆದವನೂ ನಾನೇ.

ಮೇಜಿನಾಚೆ ಮೈತ್ರಿ ಎಂಬ ಹುಡುಗಿ, ತುಂಬು ಬಸುರಿ. ಹೋದ ಸಲವೂ ಅಂಕಿ ಬರೆದುಕೊಂಡವಳು ಇವಳೇ ಅಂತೆ. "ಅಮ್ಮಾ, ನೋವಿಗೆ ಎಷ್ಟು ಹಾಕ್ಲಿ?"

"ಎರಡು ಹಾಕಮ್ಮ."

ನನಗೆ ಪಿತ್ತ ನೆತ್ತಿಗೇರಿತು. "ಎರಡಾ? ಲೋಟ ಎತ್ತಕ್ಕಾಗಲ್ಲ ನಿಂಗೆ! ಯಾಕೆ ಸುಳ್ಳು ಬರೆಸ್ತೀಯ ಮಾರಾಯ್ತಿ? ಮತ್ತೆ ಅದೇ ಮಾತ್ರೆ ನುಂಗ್ತೀಯ?"

ಅವಳು ನನ್ನ ತೊಡೆ ಚಿವುಟಲು ಬಂದಳು. ಬೆರಳು ಮಡಚಲಿಲ್ಲ. "ಮೆತ್ತಗೆ ಮಾತಾಡ್ರಿ. ಬಸುರಿ ಮುಂದೆ ನೋವು ಗೀವು ಅನ್ನಬಾರ್ದು. ಹೊಟ್ಟೇಲಿರೋ ಕೂಸು ಕೇಳಿಸ್ಕೊಳುತ್ತೆ."

ಅಯ್ಯೋ ಶಿವನೇ! ಮೂರು ತಿಂಗಳು ಇವಳು ನರಳಿದ್ದು ಇದಕ್ಕಾ? ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ತ್ರಾಣ ಉಳಿದಿರಲಿಲ್ಲ.

ಮೈತ್ರಿ ನಗಲಿಲ್ಲ. "ನಮ್ಮಜ್ಜಿನೂ ಹಿಂಗೇ ಅಂತಾರೆ" ಎಂದು ಮೇಜು ಹಿಡಿದು ನಿಧಾನವಾಗಿ ಎದ್ದಳು. ಒಳಗಿದ್ದ ಸಹೋದ್ಯೋಗಿ ಯೋಗರಾಜನನ್ನು ಕರೆದು ತನ್ನ ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ದೊಡ್ಡ ಮನಸ್ಸಿನ ಹುಡುಗಿ.

ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಉಚ್ಚಂಗಮ್ಮ ತಿರುಗಿ ನೋಡಿಕೊಂಡಳು. ಯೋಗರಾಜ ಅದೇ ಪ್ರಶ್ನೆ ಕೇಳಿದ. ನಾನು ಮನಸ್ಸಿನಲ್ಲೇ ಆರು ಎಂದುಕೊಂಡೆ, ಹೆಚ್ಚೆಂದರೆ ಏಳು. ಹಗಲೂ ರಾತ್ರಿ ಜೊತೆಗಿರುವವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

"ಹತ್ತು" ಎಂದಳು. "ಮೊದ್ಲಿಂದ್ಲೂ ಹತ್ತೇ ಕಣಪ್ಪ."

ಹಾಗೆಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಯೋಗರಾಜ ತಲೆ ತಗ್ಗಿಸಿ ಬರೆದುಕೊಂಡ. ಬಸುರಿಯ ಮುಂದೆ ಹೇಳಬಾರದು, ಸರಿ. ಇಷ್ಟು ವರ್ಷ ನನ್ನ ಮುಂದೆ ಯಾಕೆ ಹೇಳಲಿಲ್ಲ?