ಗೋಡೆ ಹತ್ತಿದ ಸ್ಕೂಟರು

ಬಿಂದುಶ್ರೀ ತರಗತಿಯೊಳಗೆ ಕಾಲಿಟ್ಟದ್ದೇ ತಡ, ಹಿಂದಿನಿಂದ ಯಾರೋ ಬಾಗಿಲು ಮುಚ್ಚಿದರು. ಬೆಳಗಿನ ಹನ್ನೊಂದಕ್ಕೇ ಕಗ್ಗತ್ತಲು. ಕಿಟಕಿಗಳಿಗೆಲ್ಲ ರಟ್ಟು ಬಡಿದು, ದೀಪದ ಫ್ಯೂಸನ್ನೂ ಕಿತ್ತಿದ್ದರು. ಮೊದಲ ವರ್ಷದ ಬಿ.ಎಸ್‌ಸಿ. ಹುಡುಗರು ಭೌತಶಾಸ್ತ್ರಕ್ಕಾಗಿ ಇಷ್ಟು ಶ್ರಮಪಟ್ಟದ್ದು ಅದೇ ಮೊದಲು.

"ಏನಮ್ಮಾ ಬಿಂದುಶ್ರೀ, ಹೀಗೇನಾ ನೀವು ಕ್ಲಾಸ್ ಹಿಡಿಯೋದು?" ಹಿಂದಿನ ಬೆಂಚಿನಿಂದ ಮೂಗಿನ ದನಿಯೊಂದು ತೇಲಿಬಂತು. ವಿಭಾಗದ ಮುಖ್ಯಸ್ಥ ಸದಾಶಿವಯ್ಯನವರದು.

ಬಿಂದುಶ್ರೀಯದು ಹಂಗಾಮಿ ಉಪನ್ಯಾಸಕಿಯ ಕೆಲಸ. ನಿನ್ನೆ ತಾನೇ ಅವರು, "ನಾಳೆ ನಿಮ್ಮ ಕ್ಲಾಸಲ್ಲಿ ಕೂತ್ಕೋತೀನಿ ಕಣಮ್ಮ. ಹುಡುಗ್ರು ಕೈ ಮೀರಿದ್ರೆ ಮುಂದಿನ ವರ್ಷಕ್ಕೆ ಬೇರೆಯವರನ್ನ ನೋಡ್ಬೇಕಾಗುತ್ತೆ" ಎಂದಿದ್ದರು.

"ಸಾರಿ ಸರ್, ಈಗಲೇ ಕಿಟಕಿ ತೆಗೆಸ್ತೀನಿ."

"ಬೇಡ ಬಿಡಮ್ಮ, ನಿದ್ದೆ ಹತ್ತುತ್ತಾ ಇದೆ."

ಬೆಂಚುಗಳು ಕಿಸಕ್ಕೆಂದವು. ಗೋಡೆ ತಡವುತ್ತಾ ತಿರುಗಿದ ಬಿಂದುಶ್ರೀ ಹಾಗೇ ನಿಂತುಬಿಟ್ಟಳು. ಸುಣ್ಣದ ಗೋಡೆಯ ಮೇಲೊಂದು ಮರ ತೂಗುತ್ತಿತ್ತು. ಬುಡ ಮೇಲೆ, ಕೊಂಬೆ ಕೆಳಗೆ. ನೆಲದ ಹತ್ತಿರ ನೀಲಿ ಆಕಾಶ. ರಟ್ಟಿನಲ್ಲಿ ಮೊಳೆ ಬಿಟ್ಟುಹೋದ ತೂತಿನಿಂದ ಹೊರಗಿನ ಅಂಗಳವೆಲ್ಲ ಒಳಗೆ ಬಂದಿತ್ತು. ಈ ಚಿತ್ರವನ್ನು ಅವಳು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿರಲಿಲ್ಲ: ಒಂದು ತೂತು, ಎರಡು ಗೆರೆ, ತಲೆಕೆಳಗಾದ ಬಾಣ. ಅದರೊಳಗೆ ಗಾಳಿ ಬೀಸುತ್ತದೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

"ಗೋಡೆ ನೋಡ್ರಪ್ಪ," ಎಂದಳು ಮೆಲ್ಲಗೆ.

ಕಿಸಿಕಿಸಿ ನಿಂತಿತು. "ನಮ್ ಮರ ಕಣೋ," ಎಂದ ಒಬ್ಬ. "ಎಂಗ್ ಉಲ್ಟಾ ಆಯ್ತು ಮೇಡಂ?"

"ಬೆಳಕಿಗೆ ನೆಟ್ಟಗೆ ಹೋಗೋದೊಂದೇ ಗೊತ್ತು. ಮೇಲಿಂದ ಬಂದದ್ದು ತೂತು ದಾಟಿ ಕೆಳಕ್ಕೆ, ಕೆಳಗಿಂದ ಬಂದದ್ದು ಮೇಲಕ್ಕೆ. ಅಷ್ಟೇ." ಅವಳ ಕಣ್ಣು ಗೋಡೆಯಲ್ಲೇ ಇತ್ತು.

ಆಗ ಗೋಡೆಯ ಮೇಲಂಚಿನಲ್ಲಿ ಸ್ಕೂಟರೊಂದು ಚಕ್ರ ಮೇಲೆ ಮಾಡಿಕೊಂಡು ಬಂತು. ಬೋಳುತಲೆ ಕೆಳಗಾಗಿ ಅದರಿಂದಿಳಿದವರು ಸಾಕ್ಷಾತ್ ಸದಾಶಿವಯ್ಯ.

ಬಿಂದುಶ್ರೀ ಹಿಂದಿನ ಬೆಂಚಿನತ್ತ ತಿರುಗಿದಳು. "ಸರ್, ನೀವಿನ್ನೂ ಹೊರಗೇ ಇದ್ದೀರಲ್ಲ?"

"ನಾನು ಮೇಡಂ, ಗುರುಕಿರಣ್," ಎಂದಿತು ಬೆಂಚು, ತನ್ನ ಸ್ವಂತ ದನಿಯಲ್ಲಿ. "ಸರ್‌ಗೆ ಹೇಳ್ಬುಡ್ಬೇಡಿ."

"ಬಾಯ್ಮುಚ್ಕೊಂಡು ಗೋಡೆ ನೋಡು."

ಬಾಗಿಲು ತೆರೆಯಿತು. ಮರ ಅಳಿಸಿಹೋಯಿತು. "ಏನಿದು ಕತ್ತಲೆ?"

"ಸರ್, ಮೊದಲು ಬಾಗಿಲು ಹಾಕಿ," ಎಂದಳು ಬಿಂದುಶ್ರೀ. ಅಂಥ ಗಡಸು ಎಲ್ಲಿಂದ ಬಂತೋ, ಸದಾಶಿವಯ್ಯ ತೆಪ್ಪಗೆ ಬಾಗಿಲು ಹಾಕಿದರು.

ಮರ ಮತ್ತೆ ಮೂಡಿತು. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇಷ್ಟು ವರ್ಷ ಪಾಠ ಮಾಡಿದೆ ಕಣಮ್ಮ..." ಎನ್ನುತ್ತಾ ಗೋಡೆಯತ್ತ ಹೆಜ್ಜೆ ಹಾಕಿದರು.

ಅಷ್ಟರಲ್ಲಿ ಬೀದಿಹಸುವೊಂದು ಕಾಲು ಮೇಲೆ ಮಾಡಿಕೊಂಡು ಸ್ಕೂಟರಿನ ಹತ್ತಿರ ಬಂತು. ಕೊಕ್ಕೆಗೆ ತಗುಲಿಸಿದ್ದ ಬುತ್ತಿಚೀಲಕ್ಕೆ ಬಾಯಿ ಹಾಕಿತು.

"ಸರ್, ನಿಮ್ಮ ಊಟ. ಓಡಿಸ್ಲಾ?" ಎಂದು ಗುರುಕಿರಣ್ ಎದ್ದ.

"ಕೂತ್ಕೊಳ್ಳೋ. ಬಾಗಿಲು ತೆಗೆದ್ರೆ ಚಿತ್ರ ಹೋಗ್ಬಿಡುತ್ತೆ." ಸದಾಶಿವಯ್ಯ ಗೋಡೆಯಿಂದ ಕಣ್ಣು ಕೀಳಲಿಲ್ಲ. "ಮುಂದಿನ ವರ್ಷ ಈ ಪಾಠ ಊಟ ಆದ್ಮೇಲೆ ಇಟ್ಕೊಳ್ಳಮ್ಮ."

ಮಾತಿನ ಅರ್ಥ ತಲುಪಲು ಬಿಂದುಶ್ರೀಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ಇಡೀ ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಗೋಡೆಯ ಮೇಲೆ ಹಸು ಬಾಲ ಬೀಸುತ್ತಾ ನಿಧಾನವಾಗಿ ಮೆಲ್ಲುತ್ತಿತ್ತು.